ಇಳಿದ ತೂಕ ಉಳಿಸಿಕೊಳ್ಳುವುದಕ್ಕೆ ಸ್ಮಾರ್ಟ್ ತೂಕದ ಯಂತ್ರ ಬೇಕಾ?

ಗಾಜಿನ ಹಲಗೆ, ಮೇಲೆ ಲೋಹದ ನಾಲ್ಕು ಪಟ್ಟಿ, ಫೋನಿನಲ್ಲೊಂದು ಆ್ಯಪ್. ನಾನು ಬಳಸುತ್ತಿರುವುದು ಇಂಥದ್ದೇ ಒಂದು ಯಂತ್ರ. ಕಂಪನಿ ಹೆಸರು ಬೇಡ, ಈ ಜಾತಿಯವೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಥರ. ನನ್ನದು ತೂಕ ಇಳಿಸುವ ಹಂತ ಮುಗಿದಿದೆ, ಈಗ ಇಳಿದದ್ದು ಮತ್ತೆ ಏರದಂತೆ ನೋಡಿಕೊಳ್ಳಬೇಕು. ಆ ಲೆಕ್ಕದಲ್ಲಿ ಇದಕ್ಕೆ ಐದಕ್ಕೆ ಮೂರೂವರೆ ಕೊಡುತ್ತೇನೆ.

ತೂಕ ತೋರಿಸುವ ಕೆಲಸ ಪಕ್ಕಾ. ಗಟ್ಟಿ ನೆಲದ ಮೇಲಿಟ್ಟರೆ ಇಳಿದು ಮತ್ತೆ ಹತ್ತಿದರೂ ಅದೇ ಅಂಕಿ ಬರುತ್ತದೆ. ಕಾರ್ಪೆಟ್ ಮೇಲೆ ಮಾತ್ರ ಇಡಬೇಡಿ. ಆದರೆ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಆ್ಯಪ್‌ನಲ್ಲಿರುವ ಸರಾಸರಿ ಗೆರೆಯಿಂದ. ದಿನದ ತೂಕ ಒಂದೊಂದು ಚುಕ್ಕಿ, ಅವುಗಳ ನಡುವೆ ನಿಧಾನಕ್ಕೆ ಸಾಗುವ ಒಂದು ಗೆರೆ. ಚುಕ್ಕಿಗಳು ಒಂದೆರಡು ಕಿಲೋ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತವೆ, ಅದರಲ್ಲಿ ಬಹುಪಾಲು ನೀರು. ಹಿಂದಿನ ರಾತ್ರಿ ಉಪ್ಪು ಜಾಸ್ತಿಯಾದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಪಿಷ್ಟ, ಸಕ್ಕರೆ ಜಾಸ್ತಿಯಾದರೆ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಕೂಡಿಕೊಳ್ಳುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಒಂದು ಕಿಲೋ ನಿಜವಾದ ಕೊಬ್ಬು ಏರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲರಿ ಹೆಚ್ಚಿಗೆ ತಿಂದಿರಬೇಕು. ಒಂದು ಊಟದಲ್ಲಿ ಅಷ್ಟು ತಿನ್ನೋಕಾಗುತ್ತಾ ಹೇಳಿ. ಇದು ಗೊತ್ತಿಲ್ಲದೆ ಎಷ್ಟೋ ಜನ ಔತಣದ ಮರುದಿನ ಯಂತ್ರ ನೋಡಿ ಗಾಬರಿಯಾಗಿ ಉಪವಾಸ ಬೀಳುತ್ತಾರೆ, ಸಂಜೆ ಹೊತ್ತಿಗೆ ಹಸಿವು ತಡೆಯಲಾಗದೆ ಎರಡರಷ್ಟು ತಿನ್ನುತ್ತಾರೆ, ಆಮೇಲೆ ನನ್ನ ಹಣೆಬರಹವೇ ಇಷ್ಟು ಅಂತ ಎಲ್ಲಾನೂ ಕೈಬಿಡುತ್ತಾರೆ.

ಗೆರೆ ನೋಡುವವರಿಗೆ ಈ ಗೋಳಿಲ್ಲ. ವಾರಗಟ್ಟಲೆ ಗೆರೆ ಏರುತ್ತಿದ್ದರೆ ಸಾಮಾನ್ಯವಾಗಿ ಯಾವುದೋ ರೂಢಿ ಸಡಿಲವಾಗಿದೆ ಅಂತ ಅರ್ಥ. ತಟ್ಟೆಯಲ್ಲಿ ತರಕಾರಿಯ ಜಾಗ ಸಣ್ಣದಾಗಿರುತ್ತದೆ, ಕೆಲಸದ ನಡುವೆ ಏನಾದರೊಂದು ಬಾಯಿಗೆ ಹಾಕಿಕೊಳ್ಳುವುದು ಶುರುವಾಗಿರುತ್ತದೆ, ಇಲ್ಲಾ ಎಣ್ಣೆ ಅಳತೆಯಿಲ್ಲದೆ ಬೀಳುತ್ತಿರುತ್ತದೆ (ಎಣ್ಣೆಗೆ ಗ್ರಾಮಿಗೆ 9 ಕ್ಯಾಲರಿ, ಪಿಷ್ಟಕ್ಕೂ ಪ್ರೋಟೀನಿಗೂ 4). ಒಂದನ್ನು ಸರಿಮಾಡಿ ಕೆಲವು ವಾರ ಸುಮ್ನೆ ಕಾಯಬೇಕು, ಅಷ್ಟೇ. ಅಮೆರಿಕದಲ್ಲಿ 1994ರಿಂದ ನ್ಯಾಷನಲ್ ವೇಟ್ ಕಂಟ್ರೋಲ್ ರಿಜಿಸ್ಟ್ರಿ ಅಂತ ಒಂದಿದೆ, ಸುಮಾರು 13.6 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ದಾಖಲೆ. ತಾವಾಗಿ ಹೆಸರು ಕೊಟ್ಟವರು ಅವರು, ಎಲ್ಲರಿಗೂ ಹೊಂದುತ್ತದೆ ಅಂತ ಹೇಳೋಕಾಗಲ್ಲ. ಆದರೂ ಅವರಲ್ಲಿ ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಕೆಲಸದ ದಿನಕ್ಕೂ ರಜಾ ದಿನಕ್ಕೂ ಊಟದಲ್ಲಿ ಭಾರಿ ವ್ಯತ್ಯಾಸ ಮಾಡದವರೇ ತೂಕ ಚೆನ್ನಾಗಿ ಉಳಿಸಿಕೊಂಡಿದ್ದಾರೆ.

ಇನ್ನು ದೂರು. ಕೊಬ್ಬು ಶೇಕಡಾ ಇಷ್ಟು ಅಂತ ತೋರಿಸುವ ಅಂಕಿಯನ್ನು ನಂಬಬೇಡಿ. ಯಂತ್ರ ಪಾದಕ್ಕೆ ಸಣ್ಣ ಕರೆಂಟ್ ಬಿಟ್ಟು ಎಷ್ಟು ತಡೆ ಸಿಕ್ಕಿತು ಅಂತ ನೋಡುತ್ತದೆ. ಆ ಕರೆಂಟ್ ಒಂದು ಕಾಲಲ್ಲಿ ಹತ್ತಿ ಇನ್ನೊಂದು ಕಾಲಲ್ಲಿ ಇಳಿದು ಹೋಗುತ್ತದೆ, ಎದೆ, ಕೈ ಕಡೆ ಹೆಚ್ಚು ಸುಳಿಯುವುದೇ ಇಲ್ಲ. ಉಳಿದದ್ದು ವಯಸ್ಸು, ಎತ್ತರ, ಲಿಂಗ ಹಾಕಿ ಸೂತ್ರ ಮಾಡುವ ಊಹೆ. ನೀರು ಕುಡಿದು ಹತ್ತಿದರೆ ಒಂದು, ಬೆವರು ಹರಿಸಿ ಹತ್ತಿದರೆ ಇನ್ನೊಂದು. ಇದರ ಮೇಲೆ ಮೈಯ ವಯಸ್ಸು ಅಂತ ಬೇರೆ ತೋರಿಸುತ್ತದೆ, ನೋಡಿ ನಕ್ಕು ಬಿಟ್ಟುಬಿಡಿ. ಪೇಸ್‌ಮೇಕರ್ ಇರುವವರು ಮಾತ್ರ ಇಂಥ ಯಂತ್ರದ ಮೇಲೆ ಹತ್ತಲೇಬಾರದು.

ಅದಕ್ಕಿಂತ ಸಿಟ್ಟು ಬರುವುದು ಆ್ಯಪ್‌ನ ಬುದ್ಧಿಗೆ. ಇಳಿದರೆ ಹಸಿರು, ಚಪ್ಪಾಳೆ. ಏರಿದರೆ ಕೆಂಪು. ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಶಭಾಷ್ ಅನ್ನುವುದು ಬಿಟ್ಟು, ಹೊಸ ಗುರಿ ಇಟ್ಟುಕೊಳ್ಳಿ ಅಂತ ಕಾಟ! ತೂಕವನ್ನು ಒಂದೇ ಕಡೆ ನಿಲ್ಲಿಸುವುದೇ ಕಷ್ಟದ ಕೆಲಸ ಅಲ್ವಾ? ತೂಕ ಇಳಿದ ಮೇಲೆ ಮೈ ಖರ್ಚು ಮಾಡುವ ಕ್ಯಾಲರಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ, ಆ ಎರಡರ ನಡುವೆ ವರ್ಷಗಟ್ಟಲೆ ಊಟದ ಕ್ರಮ ಕಾಪಾಡಿಕೊಂಡು ಬಂದವರಿಗೆ ಈ ಆ್ಯಪ್‌ನಲ್ಲಿ ಒಂದು ಪುಟವೂ ಇಲ್ಲ. ಗುರಿ ಅಂತ ಒಂದೇ ಅಂಕಿ ಕೇಳುವ ಬದಲು ಇಷ್ಟರಿಂದ ಇಷ್ಟರವರೆಗೆ ಅಂತ ಎರಡು ಕಿಲೋ ಅಂತರ ಕೊಟ್ಟು, ಅದರೊಳಗೆ ಇರುವಷ್ಟು ದಿನ ತೆಪ್ಪಗಿದ್ದರೆ ಸಾಕಿತ್ತು. ನಾನು ನೋಟಿಫಿಕೇಶನ್ ಎಲ್ಲ ಆಫ್ ಮಾಡಿ ಗೆರೆಯ ಪುಟ ಒಂದನ್ನೇ ತೆರೆಯುತ್ತೇನೆ.

ಮನೆಯಲ್ಲಿ ಸಾದಾ ಡಿಜಿಟಲ್ ಯಂತ್ರ ಇದ್ದರೆ ಇದನ್ನು ಕೊಳ್ಳಬೇಡಿ. ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಟ್ಟು ಏಳು ದಿನದ ಸರಾಸರಿ ತೆಗೆದರೆ ನಿಮಗೂ ಹೆಚ್ಚುಕಡಿಮೆ ಅದೇ ಗೆರೆ ಸಿಗುತ್ತದೆ. ಬರೆಯೋಕೆ ಬೇಜಾರು ಅನ್ನುವವರು ಧಾರಾಳವಾಗಿ ಕೊಳ್ಳಿ. ಅಂಕಿ ಕಂಡ ಕೂಡಲೇ ಊಟ ಬಿಡುವ ಅಭ್ಯಾಸ ಇದ್ದವರಿಗೆ ಮಾತ್ರ ಸಾದಾ ಯಂತ್ರವೂ ಬೇಡ, ಸ್ಮಾರ್ಟ್ ಯಂತ್ರವೂ ಬೇಡ, ಬಟ್ಟೆ ಬಿಗಿಯಾಯಿತಾ ಅಂತ ನೋಡಿಕೊಂಡರೆ ಸಾಕು.