ಸ್ವರ್ಣ ಕಮಲದ ಆರು ಸಿನಿಮಾ: ಕೊನೆಯಿಂದ ಮೊದಲಿಗೆ

ನಾನು ‘ಸಂಸ್ಕಾರ’ವನ್ನು ಆರನೇ ಜಾಗಕ್ಕೆ ಹಾಕಿದ್ದೇನೆ ಅಂದ ಕೂಡಲೇ ಗಲಾಟೆ ಶುರುವಾಯಿತು. ಆರು ಅಂದರೆ ಕೊನೆ.

ವಿಷಯ ಇಷ್ಟು. ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯ ಸ್ವರ್ಣ ಕಮಲ ಪಡೆದ ಕನ್ನಡ ಸಿನಿಮಾಗಳು ಆರು. ಸಂಸ್ಕಾರ (1970), ಚೋಮನ ದುಡಿ (1975), ಘಟಶ್ರಾದ್ಧ (1977), ತಬರನ ಕಥೆ (1986), ತಾಯಿ ಸಾಹೇಬ (1997), ದ್ವೀಪ (2001). ಆರೂ ಕನ್ನಡದ ಕಥೆ, ಕಾದಂಬರಿಗಳಿಂದಲೇ ಹುಟ್ಟಿದವು. ಕೊನೆಯ ನಾಲ್ಕು ಗಿರೀಶ್ ಕಾಸರವಳ್ಳಿ ಒಬ್ಬರವೇ.

ನಾವು ನಾಲ್ವರು ಆರು ಭಾನುವಾರ ಒಂದೇ ಮನೆಯಲ್ಲಿ ಕೂತು, ವರ್ಷದ ಕ್ರಮದಲ್ಲೇ ಎಲ್ಲವನ್ನೂ ನೋಡಿದೆವು. ಸಿನಿಮಾ ಮುಗಿದ ಮೇಲೆ ಹತ್ತು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಕಾಫಿ ಬರುವಷ್ಟರಲ್ಲಿ ಅನಿಸಿದ್ದನ್ನು ಚೀಟಿಯಲ್ಲಿ ಬರೆದಿಡಬೇಕು. ಕೊನೆಯ ಭಾನುವಾರ ಒಬ್ಬೊಬ್ಬರೂ ತಮ್ಮ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಓದಬೇಕು. ಮೊದಲನೆಯದನ್ನು ಹೇಳುವುದು ಸುಲಭ, ‘ತುಂಬಾ ಇಷ್ಟ ಆಯ್ತು’ ಅಂದರೆ ಮುಗಿಯಿತು. ಕೊನೆಯದನ್ನು ಹೇಳಬೇಕಾದರೆ ಕಾರಣ ಕೊಡಲೇಬೇಕು, ಅಲ್ವಾ?

ನನ್ನ ಅಳತೆ ಒಂದೇ ಇತ್ತು. ಕಷ್ಟ ಯಾರದೋ ಅವರ ಪಕ್ಕದಲ್ಲಿ ಸಿನಿಮಾ ಹೋಗಿ ಕೂರುತ್ತದೋ, ಇಲ್ಲ ಅವರನ್ನು ಬದಿಗೆ ಸರಿಸಿ ಬೇರೆಯವರ ಹಿಂದೆ ಹೋಗುತ್ತದೋ?

ಈ ಅಳತೆಯಲ್ಲಿ ಸಂಸ್ಕಾರ ಹಿಂದೆ ಬಿತ್ತು. ಅದು ಮಾಡಿದ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದದ್ದೇ ಅದು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಅನಂತಮೂರ್ತಿಯವರ ಕಾದಂಬರಿ, ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್. ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದಿಂದ ಬಂದ ಟಾಮ್ ಕೋವನ್. ಸೆನ್ಸಾರ್ ಮಂಡಳಿ ಮೊದಲು ತಡೆದೇ ಬಿಟ್ಟಿತ್ತು. ಅಂಥ ಸಿನಿಮಾ ಆ ಕಾಲದಲ್ಲಿ ಮಾಡಲು ಗಟ್ಟಿ ಎದೆ ಬೇಕು.

ಆದರೆ ಚಂದ್ರಿಯನ್ನು ನೋಡಿ. ಜೊತೆಗಿದ್ದ ನಾರಣಪ್ಪ, ಜಾತಿಯ ಕಟ್ಟಳೆ ಮುರಿದವನು, ಸತ್ತು ಬಿದ್ದಿದ್ದಾನೆ. ಹೆಣ ಸುಡುವವರು ಯಾರು ಅಂತ ಅಗ್ರಹಾರವೆಲ್ಲ ಕೂತು ಚರ್ಚೆ ಮಾಡುತ್ತಿದೆ. ಅವಳು ಮೈಮೇಲಿನ ಒಡವೆ ಬಿಚ್ಚಿ ಮುಂದೆ ಇಡುತ್ತಾಳೆ, ಖರ್ಚಿಗೆ ಆಗಲಿ ಅಂತ. ಚರ್ಚೆ ಆಗ ಒಡವೆಯ ಕಡೆಗೆ ತಿರುಗುತ್ತದೆ. ಸ್ನೇಹಲತಾ ರೆಡ್ಡಿಯವರ ಮುಖದಲ್ಲಿ ಆಗ ಅಳುವೂ ಇಲ್ಲ, ಕೋಪವೂ ಇಲ್ಲ, ಬರೀ ಕಾಯುವಿಕೆ. ನನಗೆ ಅವಳ ಹಿಂದೆ ಹೋಗಬೇಕು ಅನಿಸಿತು. ಸಿನಿಮಾ ಆಚಾರ್ಯರ ಹಿಂದೆ ಹೋಯಿತು. ಅವರ ಗೊಂದಲ, ಅವರ ಧರ್ಮಸಂಕಟ. ಅದೂ ನಿಜವೇ. ಆದರೆ ಹೆಣವನ್ನು ಕೊನೆಗೂ ಸುಡಿಸಿದವಳು ಅವಳು.

‘ಹಾಗಾದ್ರೆ ನೀನು ಕೇಳ್ತಿರೋದು ಬೇರೆ ಸಿನಿಮಾ’ ಅಂದ ಗೆಳೆಯ, ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಅವನ ಪಟ್ಟಿಯಲ್ಲಿ ಸಂಸ್ಕಾರವೇ ಮೊದಲು. ಇರಬಹುದು. ನಾನು ಕೇಳುತ್ತಿರುವ ಆ ಬೇರೆ ಸಿನಿಮಾದ ಹೆಸರು ಕೊನೆಯಲ್ಲಿ ಹೇಳುತ್ತೇನೆ.

ಐದು, ತಾಯಿ ಸಾಹೇಬ. ಜಯಮಾಲಾ ತಾವೇ ನಿರ್ಮಿಸಿ ನಟಿಸಿದ ಚಿತ್ರ. ಉತ್ತರ ಕರ್ನಾಟಕದ ಆ ದೊಡ್ಡ ಮನೆ, ಇಳಕಲ್ ಕಡೆಯ ಸೀರೆ, ಕಂಬ, ಪಡಸಾಲೆ ಎಲ್ಲ ಕಣ್ಣಿಗೆ ಹಬ್ಬ. ಕಲೆಗೆ ರಮೇಶ್ ದೇಸಾಯಿ, ಉಡುಪಿಗೆ ವೈಶಾಲಿ ಕಾಸರವಳ್ಳಿ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಆದರೆ ದತ್ತು ಮಗನ ಮದುವೆಯ ಸುತ್ತ ಬೀಳುವ ಕಾನೂನಿನ ಗಂಟು ಬಿಡಿಸಿಕೊಳ್ಳುವುದರಲ್ಲೇ ನನ್ನ ಗಮನ ಹೋಯಿತು. ತಾಯಿಯ ಒಂಟಿತನ ಆ ದೊಡ್ಡ ಮನೆಯಲ್ಲಿ ಸ್ವಲ್ಪ ದೂರದಲ್ಲೇ ಉಳಿಯಿತು.

ಚೋಮನ ದುಡಿ ಮತ್ತು ದ್ವೀಪವನ್ನು ನಾನು ಬೇರೆ ಬೇರೆ ನೋಡಲಾರೆ. ಎರಡರಲ್ಲೂ ಎಂ.ವಿ. ವಾಸುದೇವರಾವ್ ಇದ್ದಾರೆ. ಬಿ.ವಿ. ಕಾರಂತರ ಚಿತ್ರದಲ್ಲಿ ಅವರು ಚೋಮ. ಸ್ವಂತ ನೆಲ ಉಳಬೇಕು ಅನ್ನುವ ಒಂದೇ ಆಸೆ, ಜಾತಿಯ ಕಾರಣಕ್ಕೆ ಅದೂ ಸಿಗುವುದಿಲ್ಲ. ಆ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. 26 ವರ್ಷ ಆದ ಮೇಲೆ ದ್ವೀಪದಲ್ಲಿ ಅವರೇ ದುಗ್ಗಜ್ಜ. ಈ ಸಲ ನೆಲ ಇದೆ, ಆದರೆ ಅಣೆಕಟ್ಟಿನ ನೀರು ಏರಿ ಬರುತ್ತಿದೆ. ಒಬ್ಬನಿಗೆ ನೆಲ ಸಿಗಲಿಲ್ಲ, ಇನ್ನೊಬ್ಬನಿಗೆ ಇದ್ದ ನೆಲ ಉಳಿಯಲಿಲ್ಲ. ಎರಡೂ ಮುಖ ಒಬ್ಬರದೇ. ಈ ಎರಡು ಸಿನಿಮಾ ಹತ್ತಿರ ಹತ್ತಿರ ನೋಡಿದವರಿಗೆ ಮಾತ್ರ ಇದು ಸಿಗುತ್ತದೆ.

ಚೋಮನ ದುಡಿ ನಾಲ್ಕು, ದ್ವೀಪ ಮೂರು. ಕೊನೆಯಲ್ಲಿ ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುವುದು ಈಗಲೂ ಕಿವಿಯಲ್ಲಿದೆ. ಆದರೆ ಮಗಳು ಬೆಳ್ಳಿಯ ಪಾಡನ್ನು ಇನ್ನಷ್ಟು ಹತ್ತಿರದಿಂದ ಕಾಣಬೇಕಿತ್ತು. ದ್ವೀಪದಲ್ಲಿ ಆ ಕೊರತೆ ಇಲ್ಲ. ಸೌಂದರ್ಯ ಇಲ್ಲಿ ನಿರ್ಮಾಪಕಿಯೂ ಹೌದು, ನಾಗಿಯೂ ಹೌದು. ನಡುನೀರಿನಲ್ಲಿ ಒಂಟಿಯಾದ ಮನೆಯನ್ನು ಅವಳು ಕಾಯುತ್ತಾಳೆ. ಬೆಳಗಾದ ಮೇಲೆ ಗಂಡ ಎಲ್ಲದರ ಪುಣ್ಯವನ್ನೂ ದೇವರಿಗೆ ಕೊಡುತ್ತಾನೆ. ಆಗ ನಾಗಿಯ ಮುಖ ನೋಡಬೇಕು. ಒಂದು ಮಾತಿಲ್ಲ. ಎಚ್.ಎಂ. ರಾಮಚಂದ್ರ ಕ್ಯಾಮೆರಾದಲ್ಲಿ ಹಿಡಿದ ಆ ಮಳೆ ಎಷ್ಟು ನಿಜ ಅಂದರೆ, ಸಿನಿಮಾ ಮುಗಿದಾಗ ಮೈಯೆಲ್ಲ ಥಂಡಿ ಹಿಡಿದ ಹಾಗಾಗಿತ್ತು.

ನಮ್ಮಲ್ಲಿ ಒಬ್ಬಳು ಸಾಗರದ ಕಡೆಯವಳು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವಳ ಅಜ್ಜಿಯ ಮನೆ ಶರಾವತಿಯಲ್ಲಿ ಹೋಯಿತು. ಕಾದಂಬರಿ ಬರೆದ ನಾ. ಡಿಸೋಜ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿ ಮುಳುಗಡೆಯನ್ನು ಕಣ್ಣಾರೆ ಕಂಡವರು. ಅವಳ ಚೀಟಿಯಲ್ಲಿ ದ್ವೀಪಕ್ಕೆ ಒಂದು ಅಂತ ಬರೆದಿತ್ತು, ಕಾರಣ ಬರೆದಿರಲಿಲ್ಲ. ನಾವು ಕೇಳಲೂ ಇಲ್ಲ.

ಎರಡನೆಯದರ ಬಗ್ಗೆ ನನ್ನ ಮನೆಯ ಮಾತು ಹೇಳಬೇಕು. ಅಪ್ಪ ನಿವೃತ್ತಿಯಾದ ಮೇಲೆ ಪಿಂಚಣಿ ಕಡತ ಒಂದು ಕಚೇರಿಯಲ್ಲಿ ಹದಿನಾಲ್ಕು ತಿಂಗಳು ಕೂತಿತ್ತು. ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಪ್ರತಿಗಳನ್ನು ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಕವರಿನ ಮೂಲೆ ಹರಿದು, ಅಮ್ಮ ಅದಕ್ಕೆ ಹೊಲಿಗೆ ಹಾಕಿಕೊಟ್ಟಿದ್ದರು. ಸಂಜೆ ಬಂದು ಒಂದೇ ಮಾತು, ‘ಇನ್ನೊಂದು ಸಹಿ ಬಾಕಿ ಅಂತೆ.’

ತಬರನ ಕಥೆ ನೋಡುವಾಗ ನನಗೆ ಕಂಡದ್ದು ಆ ಹೊಲಿಗೆ. ತೇಜಸ್ವಿಯವರ ಕಥೆ. ಬ್ರಿಟಿಷರ ಕಾಲದಿಂದ ಸರ್ಕಾರಕ್ಕೆ ನಿಯತ್ತಾಗಿ ದುಡಿದ ಜವಾನ ತಬರ, ತನ್ನದೇ ಹಣಕ್ಕಾಗಿ ಅಲೆಯುತ್ತಾನೆ. ಇತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಆಸ್ಪತ್ರೆಗೆ ದುಡ್ಡಿಲ್ಲ. ಕೊನೆಗೆ ಕಟುಕನ ಹತ್ತಿರ ಹೋಗಿ ಕಾಲು ಕಡಿದುಕೊಡು ಅಂತ ಕೇಳುತ್ತಾನೆ. ಚಾರುಹಾಸನ್ ಅದನ್ನು ಕೂಗಾಡಿ ಕೇಳುವುದಿಲ್ಲ. ಅರ್ಜಿ ಕೊಡುವವನ ಹಾಗೆ, ವಿನಯವಾಗಿ ಕೇಳುತ್ತಾರೆ. ಕಚೇರಿ ಕಲಿಸಿದ ವಿನಯ ಅದು. ಅಪ್ಪನ ದನಿಯಲ್ಲೂ ಅದೇ ಇತ್ತು. ಚಾರುಹಾಸನ್ ಅವರಿಗೂ ಅತ್ಯುತ್ತಮ ನಟ ಪ್ರಶಸ್ತಿ ಬಂತು, ಬರಲೇಬೇಕಿತ್ತು. ನಾಲ್ಕೂ ಪಟ್ಟಿಗಳಲ್ಲಿ ತಬರ ಮೂರರ ಒಳಗೇ ಇದ್ದ. ನಾವೆಲ್ಲ ಒಪ್ಪಿದ್ದು ಅದೊಂದನ್ನೇ.

ಮೊದಲನೆಯದು ಘಟಶ್ರಾದ್ಧ. ಕಾಸರವಳ್ಳಿಯವರ ಮೊದಲ ಚಿತ್ರ. ಇದೂ ಅನಂತಮೂರ್ತಿಯವರ ಕಥೆಯೇ, ಇಲ್ಲೂ ಕಟ್ಟಳೆಯದೇ ದರ್ಬಾರು. ಸಂಸ್ಕಾರದಲ್ಲಿ ಸತ್ತವನಿಗೆ ಸಂಸ್ಕಾರ ಮಾಡುವವರಿಲ್ಲ. ಇಲ್ಲಿ ಬದುಕಿರುವ ಮಗಳಿಗೆ ಅಪ್ಪನೇ ಮಡಕೆ ಒಡೆದು ಶ್ರಾದ್ಧ ಮಾಡುತ್ತಾನೆ. ನಾನು ಕೇಳುತ್ತಿದ್ದ ಆ ಬೇರೆ ಸಿನಿಮಾ ಇದೇ. ಚಂದ್ರಿಯ ಹಿಂದೆ ಹೋಗದ ಕ್ಯಾಮೆರಾ ಯಮುನಕ್ಕನ ಹಿಂದೆ ಹೋಯಿತು, ಅದೂ ಪಾಠಶಾಲೆಯ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ವಿಧವೆ ಯಮುನಕ್ಕ ಬಸುರಿ ಅನ್ನುವುದರ ಅರ್ಥ ಅವನಿಗೆ ಪೂರ್ತಿ ಗೊತ್ತಿಲ್ಲ. ಅವಳು ಹಾವಿನ ಹುತ್ತಕ್ಕೆ ಕೈ ಹಾಕುವಾಗ ಅವನಿಗೆ ಗೊತ್ತಾಗುವುದು ಹೆದರಿಕೆ ಒಂದೇ. ನಮಗೂ ಅಷ್ಟೇ. ಆ ಹೊತ್ತಿನಲ್ಲಿ ನಾನು ಪಕ್ಕದವಳ ಕೈ ಹಿಡಿದುಕೊಂಡಿದ್ದೆ, ಅದು ನನಗೆ ಗೊತ್ತಾದದ್ದು ಆಮೇಲೆ.

ಮೀನಾ ಕುಟ್ಟಪ್ಪ ಯಮುನಕ್ಕನಾಗಿ, ಅಜಿತ್ ಕುಮಾರ್ ನಾಣಿಯಾಗಿ. ಬಾಲನಟನ ಪ್ರಶಸ್ತಿ ಅಜಿತ್‌ಗೆ, ಸಂಗೀತದ ಪ್ರಶಸ್ತಿ ಬಿ.ವಿ. ಕಾರಂತರಿಗೆ. ಕೊನೆಗೆ ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಕೂತಿದ್ದಾಳೆ. ಅಪ್ಪನ ಜೊತೆ ಊರಿಗೆ ಹೊರಟ ನಾಣಿ ತಿರುಗಿ ನೋಡುತ್ತಾನೆ. ನಾವು ನೋಡಿದ್ದು ಮಸುಕಾದ ಹಳೆಯ ಪ್ರತಿ. ಹೊಸದಾಗಿ ಸರಿಪಡಿಸಿದ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದನ್ನು ದೊಡ್ಡ ಪರದೆಯಲ್ಲಿ ನೋಡಬೇಕು ಅನ್ನುವುದು ನಮ್ಮೆಲ್ಲರ ಆಸೆ.

ಮೊದಲ ಸ್ಥಾನಕ್ಕೆ ಘಟಶ್ರಾದ್ಧಕ್ಕೆ ಎರಡು ಮತ, ಸಂಸ್ಕಾರಕ್ಕೆ ಒಂದು, ದ್ವೀಪಕ್ಕೆ ಒಂದು. ಕನ್ನಡ ಪಾಠದ ಗೆಳೆಯ ತನ್ನ ಪಟ್ಟಿ ಬದಲಿಸಲಿಲ್ಲ, ನಾನೂ ಬದಲಿಸಲಿಲ್ಲ. ಸಾಗರದವಳು ದ್ವೀಪದ ಪ್ರತಿಯನ್ನು ಮನೆಗೆ ತಗೊಂಡು ಹೋದಳು. ಅವಳ ಅಮ್ಮ ಇನ್ನೂ ನೋಡಿಲ್ಲವಂತೆ.