ಕರಾವಳಿಯಲ್ಲಿ ಹಳೆ ಯೆಜ್ಡಿ ನೋಡ್ತಾ ಇದ್ದೀರಾ? ಮೊದಲು ಇದನ್ನು ಓದಿ

ಮೊದಲ ಸಲ ಹಳೆ ಬೈಕ್ ಕೊಳ್ಳೋಕೆ ಹೊರಟವರು ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಯಾರ ಹೆಸರಿದೆಯೋ ಅವರನ್ನೇ ಹೋಗಿ ನೋಡಿ. ಗಾಡಿ ಆಮೇಲೆ ನೋಡಿದರೂ ಅಡ್ಡಿಲ್ಲ.

ನಾನು ಶಿರಸಿಯವನು. ಅಂಕೋಲಾ ಕಡೆ ಹಳೆ ಗಾಡಿ ರೆಡಿ ಮಾಡಿ ಮಾರುವವರೊಬ್ಬರ ಹತ್ತಿರ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ತೊಗೊಂಡೆ. 70 ಸಾವಿರ. ಮೆರೂನ್ ಬಣ್ಣ, ಎರಡು ಸೈಲೆನ್ಸರ್, ಫಳಫಳ ಹೊಳೆಯೋ ಕ್ರೋಮ್. ಇದನ್ನು ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಇಂಥ ಗಾಡಿ ಇನ್ನು ಸಿಗೋದಿಲ್ಲ ಅಂತ ಅವರೂ ಹತ್ತು ಸಲ ಹೇಳಿದರು. ನಾವು ಹೋಗುವಷ್ಟರಲ್ಲಿ ಇಂಜಿನ್ ಬೆಚ್ಚಗಿತ್ತು. ಅವರು ಒಂದೇ ಕಿಕ್‌ಗೆ ಸ್ಟಾರ್ಟ್ ಮಾಡಿ, ಅದೇ ಲಿವರ್ ತಿರುಗಿಸಿ ಗೇರ್ ಹಾಕಿ ತೋರಿಸಿದರು. ಬಿಸಿ ಇಂಜಿನ್‌ನಲ್ಲಿ ಸ್ಟಾರ್ಟಿಂಗ್ ತೊಂದರೆ ಗೊತ್ತಾಗೋದಿಲ್ಲ. ನೀವು ಹೋದಾಗಲೂ ಇಂಜಿನ್ ಬಿಸಿ ಇದ್ದರೆ ಚಹಾ ಕುಡಿದು ಬನ್ನಿ, ತಣ್ಣಗಾದ ಮೇಲೆ ನೀವೇ ಕಿಕ್ ಹೊಡೆಯಿರಿ.

ದೇವಿಮನೆ ಘಟ್ಟದ ಅರ್ಧಕ್ಕೆ ಗಾಡಿ ನಿಂತೇಬಿಟ್ಟಿತು. ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ಕೆಂಪು ಕೆಸರು. ಬೆರಳಿಗೆ ಹತ್ತಿಸಿ ಉಜ್ಜಿದರೆ ಮರಳಿನ ಹಾಗೆ ಚುರುಚುರು. ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆಲ್ಲ ತುಕ್ಕು, ಪದರ ಪದರ ಎದ್ದಿದೆ. ಶಿರಸಿಯ ಮೆಕ್ಯಾನಿಕ್ ಒಂದು ಮ್ಯಾಗ್ನೆಟ್ ತಂದು ಹಿಂದಿನ ಮಡ್‌ಗಾರ್ಡಿಗೆ ಇಟ್ಟರು. ಅದು ಜಾರಿ ಕೆಳಗೆ ಬಿತ್ತು. ಪೇಂಟಿನ ಅಡಿ ಇದ್ದದ್ದು ತಗಡಲ್ಲ, ತೂತು ಮುಚ್ಚೋಕೆ ಮೆತ್ತುವ ಪುಟ್ಟಿ. ಉಪ್ಪುಗಾಳಿಯಲ್ಲಿ ನಿಂತ ಗಾಡಿಗೆ ಇದು ಮಾಮೂಲು. ಸೀಟಿನ ಅಡಿ, ಬ್ಯಾಟರಿ ಪೆಟ್ಟಿಗೆಯ ತಳ, ರಿಮ್ಮಿಗೆ ಸ್ಪೋಕ್ ಸೇರುವ ಜಾಗ, ಇವಿಷ್ಟನ್ನಾದರೂ ಬಗ್ಗಿ ನೋಡಿ.

ಇದೆಲ್ಲ ದುಡ್ಡು ಸುರಿದರೆ ಸರಿ ಹೋಗುವ ಸಂಗತಿ. ಪೇಪರ್ ಹಾಗಲ್ಲ.

ಆರ್‌ಸಿ ಅವಧಿ ಮುಗಿದಿದೆಯಲ್ಲ ಅಂದಿದ್ದಕ್ಕೆ ಮಾರಿದವರು, "ವಿಂಟೇಜ್ ಗಾಡಿ ತಮ್ಮಾ, ಇದಕ್ಕೆ ರಿನೀವಲ್ ಗಿನೀವಲ್ ಎಂತದೂ ಬೇಡ" ಅಂದಿದ್ದರು. ಶುದ್ಧ ಸುಳ್ಳು. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ಹಾಗೆ ನೋಂದಣಿ ಆದರೂ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. 1984ರ ಗಾಡಿ ಕಾನೂನಿನ ಕಣ್ಣಿಗೆ ಬರೀ ಹಳೆ ಗಾಡಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನೀವಲ್ ಆಗಲೇಬೇಕು, ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು.

ಗಾಡಿಯನ್ನು ನಮ್ಮ ಹೆಸರಿಗೆ ಟ್ರಾನ್ಸ್‌ಫರ್ ಮಾಡಿಸುವ ಫಾರ್ಮ್ 29, 30ಕ್ಕೆ ಓನರ್ ಸಹಿ ಆಗಿಯೇ ಇತ್ತು. ತಾರೀಕು ಖಾಲಿ. ಓನರ್ ಆಧಾರ್ ಜೆರಾಕ್ಸ್ ಬೇಕಾಗಿ ಕಾರವಾರದಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಮಗ ಬಾಗಿಲು ತೆಗೆದರು. "ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲ. ಆ ಗಾಡಿ ಗುಜರಿಗೆ ಕೊಟ್ಟಿದ್ವಿ" ಅಂದರು. ಹಾಗಾದರೆ ಆ ಸಹಿ ಯಾರದ್ದು? ಅವರೂ ಫಾರ್ಮ್ ತಿರುಗಿಸಿ ತಿರುಗಿಸಿ ನೋಡಿದರು.

ಓನರ್ ತೀರಿಕೊಂಡಿದ್ದರೆ 29, 30ರಿಂದ ಕೆಲಸ ಆಗೋದಿಲ್ಲ. ಫಾರ್ಮ್ 31ರಲ್ಲಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ನಮ್ಮ ಹೆಸರಿಗೆ. ಮರಣ ಪ್ರಮಾಣಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಆ ಮಗನ ತಂಗಿ ಮುಂಬೈಯಲ್ಲಿದ್ದಾರೆ. ಪಾಪ, ಒಳ್ಳೆ ಜನ, ಮಾಡಿಕೊಡ್ತೀವಿ ಅಂದಿದ್ದಾರೆ. ಆದರೆ ಯಾರದ್ದೋ ಗುಜರಿ ಗಾಡಿಗೆ ಅವರು ಯಾಕೆ ಓಡಾಡಬೇಕು ಹೇಳಿ?

ಮಾರಿದವರು ಮೊದಲು "ನೋಡುವಾ" ಅಂದರು. ಈಗ ಫೋನೇ ಎತ್ತೋದಿಲ್ಲ. ಸಹಿಯ ವಿಷಯಕ್ಕೆ ಪೊಲೀಸರಿಗೆ ದೂರು ಕೊಟ್ಟಾಗಿದೆ.

ಟ್ರಾನ್ಸ್‌ಫರ್ ಆಗುವವರೆಗೆ ಅರ್ಧ ದುಡ್ಡಾದರೂ ನಿಮ್ಮ ಕೈಯಲ್ಲೇ ಇರಲಿ. ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ. ಮೊನ್ನೆ ಅಂಕೋಲಾಕ್ಕೆ ಹೋಗಿ ಬಂದ ಸ್ನೇಹಿತ ಹೇಳಿದ, ಅದೇ ಶೆಡ್ಡಿನಲ್ಲಿ ಈಗ ಒಂದು ಹಳೆ ಜಾವಾ ಬೈಕ್ ಪೇಂಟಿಗೆ ನಿಂತಿದೆಯಂತೆ.