ಒಂದೇ ಸ್ವಿಫ್ಟ್, ನಾಲ್ಕು ಸೆಟ್: ಟ್ರ್ಯಾಕ್ ಕಲಿಯುವ ಕಾರಿಗೆ ಯಾವ ಚಕ್ರ, ಯಾವ ಟೈರ್?

ಬೆಳಗಾವಿಯಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಕಲಿಯಬೇಕು ಅಂದ್ರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲಾ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೆ. ಎರಡೂ ಎಂಟುನೂರು ಕಿಲೋಮೀಟರ್ ಆಸುಪಾಸು. ಕಾರನ್ನು ಲಾರಿ ಮೇಲೆ ಹೇರಿ ಒಯ್ಯುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಹೋಗುವುದೂ ಅದರಲ್ಲೇ, ಸುತ್ತುವುದೂ ಅದರಲ್ಲೇ, ಮರಳಿ ಬಂದು ಉದ್ಯಮಬಾಗ್‌ಗೆ ಕೆಲಸಕ್ಕೆ ಹೋಗುವುದೂ ಅದರಲ್ಲೇ. ಈ ಮಾತು ಮೊದಲೇ ಹೇಳಿದೆ. ಯಾಕಂದ್ರೆ ಟ್ರ್ಯಾಕಿನ ಐದು ಸುತ್ತಿಗೆ ಹೇಳಿ ಮಾಡಿಸಿದಂಥ ಟೈರ್ ಆ ಎಂಟುನೂರು ಕಿಲೋಮೀಟರಿಗೆ ಆಗಿ ಬರೋದಿಲ್ಲ.

ಕಾರು 2013ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್, ಸೆಕೆಂಡ್ ಹ್ಯಾಂಡ್. 85ರ ಆಸುಪಾಸು ಅಶ್ವಶಕ್ತಿ. ಎರಡು ವರ್ಷದಲ್ಲಿ ಇದಕ್ಕೆ ನಾಲ್ಕು ಸೆಟ್ ಹಾಕಿ ನೋಡಿದ್ದೇನೆ.

ಮೊದಲನೆಯದು ಕಂಪನಿಯಿಂದ ಬಂದ ಕಬ್ಬಿಣದ ಚಕ್ರ, 165/80 ಆರ್14 ಟೈರ್ (165 ಅಂದ್ರೆ ಮಿಲಿಮೀಟರಿನಲ್ಲಿ ಅಗಲ, 80 ಅಂದ್ರೆ ಆ ಅಗಲದ ಶೇಕಡಾ ಎಷ್ಟು ಪಕ್ಕದ ಎತ್ತರ, 14 ಅಂದ್ರೆ ಚಕ್ರದ ಇಂಚು). ಬೆಲ್ಲದ ಅಂಗಡಿಯ ತಕ್ಕಡಿ ಮೇಲೆ ಟೈರ್ ಸಮೇತ ತೂಗಿದೆ. ಒಂದಕ್ಕೆ 14 ಕಿಲೋ ಬಂತು. ಟ್ರ್ಯಾಕ್‌ನಲ್ಲಿ ಮೊದಲ ತಿರುವಿನಿಂದಲೇ ಕಿರುಚಲು ಶುರು. ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ, ಎತ್ತರ; ಹಾಗಾಗಿ ಸ್ಟೇರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಗಳಿಗೆ ಯೋಚನೆ ಮಾಡಿ ತಿರುಗುತ್ತದೆ. ಆದರೆ ಜಾರುವಾಗ ಹೇಳಿ ಜಾರುತ್ತದೆ, ಅದೂ ಕಡಿಮೆ ವೇಗದಲ್ಲಿ. ಎಲ್ಲಿ ಬ್ರೇಕ್ ತಡವಾಯಿತು, ಎಲ್ಲಿ ಸ್ಟೇರಿಂಗ್ ಜಾಸ್ತಿ ತಿರುಗಿಸಿದೆ ಅಂತ ಕಿವಿಗೇ ಗೊತ್ತಾಗುತ್ತದೆ. ಕೊರತೆ ಒಂದೇ. ಮುಂದಿನ ಟೈರುಗಳ ಹೊರ ಅಂಚು ಒಂದೇ ದಿನದಲ್ಲಿ ದುಂಡಗೆ ಸವೆದುಹೋಯಿತು.

ಎರಡನೆಯದು ಹದಿನೇಳು ಇಂಚಿನ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ), 205/45 ಆರ್17. ನೋಡಲು ಭಾರಿ ಚೆಂದ. ಟಿಳಕವಾಡಿಯಲ್ಲಿ ನಿಲ್ಲಿಸಿದರೆ ಜನ ತಿರುಗಿ ನೋಡುತ್ತಿದ್ದರು. ತಕ್ಕಡಿ ಮಾತ್ರ ಹದಿನೆಂಟೂವರೆ ಕಿಲೋ ತೋರಿಸಿತು. ಒಂದೊಂದು ಚಕ್ರಕ್ಕೆ ನಾಲ್ಕೂವರೆ ಕಿಲೋ ಜಾಸ್ತಿ, ಅದೂ ಸ್ಪ್ರಿಂಗಿನ ಕೆಳಗೆ, ಸುತ್ತುವ ಜಾಗದಲ್ಲಿ. ಸಣ್ಣ ಎಂಜಿನ್‌ಗೆ ಇದು ಹೊರೆ. ತಿರುವಿನಿಂದ ಹೊರಗೆ ಬರುವಾಗ ಕಾರು ಮಂಕಾಗಿದ್ದು ನನಗೇ ತಿಳಿಯಿತು. ಬ್ರೇಕ್ ಕೂಡ ಬೇಗ ಬಿಸಿಯಾಯಿತು.

ಇನ್ನೊಂದು ತೊಂದರೆ ಹೆದ್ದಾರಿಯಲ್ಲೇ ಕಂಡಿತ್ತು. ನೂರರ ಮೇಲೆ ಹೋದರೆ ಸ್ಟೇರಿಂಗ್ ನಡುಕ. ಬ್ಯಾಲೆನ್ಸ್ ಮೂರು ಸಲ ಮಾಡಿಸಿದರೂ ಹೋಗಲಿಲ್ಲ. ಕೊನೆಗೆ ಗೊತ್ತಾಯಿತು: ಸ್ವಿಫ್ಟಿನ ಹಬ್ (ಚಕ್ರ ಕೂರುವ ನಡುವಿನ ಉಬ್ಬು) 54.1 ಮಿಲಿಮೀಟರ್, ಆ ಚಕ್ರದ ನಡುವಿನ ತೂತು 73.1. ನಡುವಿನ ಜಾಗ ತುಂಬುವ ರಿಂಗ್ ಹಾಕದೇ ಅಂಗಡಿಯವರು ಜೋಡಿಸಿ ಕಳಿಸಿದ್ದರು. ನಾಲ್ಕು ಬೋಲ್ಟ್, 100 ಮಿಲಿಮೀಟರ್ ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ಸರಿ ಇದ್ದರೆ ಸಾಕು ಅಂತ ನಾನೂ ನಂಬಿದ್ದೆ. ದಯವಿಟ್ಟು ಆ ತೂತನ್ನೂ ಅಳೆಯಿಸಿ. ಆಮೇಲೆ ಕಿತ್ತೂರು ದಾಟಿದ ಮೇಲೆ ಒಂದು ಗುಂಡಿ ಸಿಕ್ಕಿತು. ರಿಮ್ ಬಾಗಿತು, ಸೈಡ್‌ವಾಲ್ ಉಬ್ಬಿತು. ಆ ಸೆಟ್ ಅಲ್ಲಿಗೆ ಮುಗಿಯಿತು.

ಮೂರನೆಯದರ ಮೇಲೆ ನನಗೆ ಪ್ರೀತಿ. ಇದೇ ಸ್ವಿಫ್ಟಿನ ಝಡ್‌ಎಕ್ಸ್‌ಐ ಮಾಡೆಲ್‌ಗೆ ಕಂಪನಿಯೇ ಕೊಡುತ್ತಿದ್ದ ಹದಿನೈದು ಇಂಚಿನ ಅಲಾಯ್. ಹಳೇದು ತಗೊಂಡೆ. ಹಬ್ ಅಳತೆ ತಾನಾಗೇ ಕೂಡುತ್ತದೆ, ರಿಂಗ್ ಬೇಡ. ಇದಕ್ಕೆ 195/60 ಆರ್15 ಅಳತೆಯ ಸಾಧಾರಣ ರೋಡ್ ಟೈರ್ ಹಾಕಿಸಿದೆ. ಎತ್ತರ ಝಡ್‌ಎಕ್ಸ್‌ಐಗೆ ಕಂಪನಿ ಹಾಕುತ್ತಿದ್ದ 185/65ಕ್ಕಿಂತ ಆರೂವರೆ ಮಿಲಿಮೀಟರ್ ಅಷ್ಟೇ ಕಡಿಮೆ, ಸ್ಪೀಡೋಮೀಟರ್ ಹೆಚ್ಚೂಕಡಿಮೆ ಸರಿಯಾಗೇ ತೋರಿಸುತ್ತದೆ. ತೂಕ 15 ಕಿಲೋ. ತಿರುವಿಗೆ ಹಾಕಿದ ಕೂಡಲೇ ಕಾರು ತಿರುಗುತ್ತದೆ, ಆದರೂ ಜಾರುವ ಮುಂಚೆ ಎಚ್ಚರಿಕೆ ಕೊಡುತ್ತದೆ. ಮಳೆಗಾಲದಲ್ಲಿ ಚೋರ್ಲಾ ಘಾಟ್ ಇಳಿಯುವಾಗಲೂ ಇದೇ ಟೈರ್, ಭಯ ಆಗಲಿಲ್ಲ.

ಹಳೇ ಅಲಾಯ್ ತಗೊಳ್ಳುವಾಗ ನನಗೆ ಉದ್ಯಮಬಾಗ್‌ನ ಫೌಂಡ್ರಿಯಲ್ಲಿ ಕೆಲಸ ಮಾಡುವ ಗೆಳೆಯ ನೆರವಾದ. ಎರಕ ನೋಡಿ ಗೊತ್ತಿರುವ ಕಣ್ಣು. ಅವನು ಚಕ್ರದ ಹೊರಮೈ ನೋಡಲೇ ಇಲ್ಲ, ನೇರ ಒಳ ಅಂಚಿಗೆ ಕೈ ಹಾಕಿದ. ಗುಂಡಿಗೆ ಬಿದ್ದ ಪೆಟ್ಟು ಅಲ್ಲಿ ಕಾಣುತ್ತದೆ. ವೆಲ್ಡಿಂಗ್ ಮಾಡಿದ ಗುರುತು ಇದ್ದರೆ ಬಿಟ್ಟುಬಿಡು ಅಂದ. ವೆಲ್ಡಿಂಗ್ ಬಿಸಿಗೆ ಸುತ್ತಲಿನ ಅಲ್ಯೂಮಿನಿಯಂ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ, ಬಣ್ಣ ಹೊಡೆದರೆ ಮೇಲೆ ಏನೂ ಕಾಣೋದಿಲ್ಲ. ಹಾಗೆ ಎರಡು ಚಕ್ರ ವಾಪಸ್ ಕೊಟ್ಟು ಬೇರೆ ತಂದೆವು.

ನಾಲ್ಕನೆಯ ಸೆಟ್ ಅಂದ್ರೆ ಅವೇ ಅಲಾಯ್, ಅಂಟುವ ಟೈರ್. 195/55 ಆರ್15, ಟ್ರೆಡ್‌ವೇರ್ ಸಂಖ್ಯೆ 200. ಈ ಸಂಖ್ಯೆ ಕಡಿಮೆ ಇದ್ದಷ್ಟೂ ರಬ್ಬರ್ ಬೇಗ ಸವೆಯುತ್ತದೆ, ಸಾಮಾನ್ಯವಾಗಿ ಹಿಡಿತವೂ ಜಾಸ್ತಿ. ಕೊಯಮತ್ತೂರಿನಲ್ಲಿ ನನ್ನ ಲ್ಯಾಪ್ ಟೈಮ್ (ಒಂದು ಸುತ್ತಿಗೆ ಹಿಡಿಯುವ ಸಮಯ) ಹತ್ತಿರ ಹತ್ತಿರ ಮೂರು ಸೆಕೆಂಡ್ ಇಳಿಯಿತು. ತುಂಬಾ ಖುಷಿಯಾಯಿತು. ಮುಂದಿನ ಸಲ ಮತ್ತೆ ಮೂರನೇ ಸೆಟ್ ಹಾಕಿ ಓಡಿಸಿದೆ. ಟೈಮ್ ಹಿಂದೆ ಅದೇ ಸೆಟ್‌ನಲ್ಲಿ ಬಂದಷ್ಟೇ ಬಂತು. ಆ ಮೂರೂ ಸೆಕೆಂಡ್ ಟೈರಿನವು, ನನ್ನವಲ್ಲ. ತಡವಾಗಿ ಬ್ರೇಕ್ ಹಾಕಿದ ತಪ್ಪನ್ನು ಅದು ಸುಮ್ನೆ ನುಂಗಿಕೊಂಡಿತ್ತು. ಮೇಲಾಗಿ ಅದು ಜಾರಿದರೆ ಜಾಸ್ತಿ ವೇಗದಲ್ಲಿ, ತಟ್ಟನೆ ಜಾರುತ್ತದೆ. ಹೊಸಬರಿಗೆ ತಿದ್ದಿಕೊಳ್ಳಲು ಸಮಯ ಸಿಗೋದಿಲ್ಲ. ಬರುವಾಗ ಧಾರವಾಡ ದಾಟುತ್ತಲೇ ಜೋರು ಮಳೆ. ಆ ಟೈರಿನಲ್ಲಿ ಗೀರು ಕಡಿಮೆ, ನೀರು ನಿಂತಲ್ಲಿ ಕಾರು ತೇಲಿದ ಹಾಗಾಯಿತು. ಮನೆಯವರೆಗೂ ಅರವತ್ತರ ಮೇಲೆ ಹೋಗಲಿಲ್ಲ.

ಹಾಗಾಗಿ ಮೊದಲ ಐದಾರು ಟ್ರ್ಯಾಕ್ ದಿನಕ್ಕೆ ನನ್ನ ಓಟು ಮೂರನೆಯದಕ್ಕೆ. ದುಡ್ಡು ಇಲ್ಲವೇ ಇಲ್ಲ ಅಂದ್ರೆ ಮೊದಲನೆಯದೇ ನಡೆಯುತ್ತದೆ, ಧೈರ್ಯವಾಗಿ ಹೋಗಿ. ಉಳಿದ ದುಡ್ಡಲ್ಲಿ ಒಳ್ಳೆ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್ ಹಾಕಿಸಿ. ಅಂಟುವ ಟೈರ್ ಆಮೇಲೆ ನೋಡೋಣ. ಹದಿನೇಳು ಇಂಚು ಬೇಡವೇ ಬೇಡ.

ಯಾವ ಟೈರ್ ತಗೊಂಡರೂ ಸೈಡ್‌ವಾಲ್ ಮೇಲೆ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಗೀರು ಎಷ್ಟೇ ಆಳ ಇರಲಿ, ಹಳೇ ರಬ್ಬರ್ ಕಲ್ಲಾಗಿರುತ್ತದೆ.

ಗಾಳಿಯ ಲೆಕ್ಕ ಬಳಪದಿಂದ ಕಲಿತೆ. ಟೈರಿನ ಅಂಚಿನಿಂದ ಸೈಡ್‌ವಾಲ್‌ವರೆಗೆ ಬಳಪದ ಗೆರೆ ಎಳೆಯಿರಿ, ನಾಲ್ಕು ಸುತ್ತು ಹೋಗಿ ಬನ್ನಿ. ಗೆರೆ ಸೈಡ್‌ವಾಲ್ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆ, ಟೈರ್ ಮಗುಚಿ ಓಡುತ್ತಿದೆ. ಅಂಚಿನ ಮೇಲೂ ಗೆರೆ ಹಾಗೇ ಉಳಿದಿದ್ದರೆ ಗಾಳಿ ಜಾಸ್ತಿ. ಮೂರನೇ ಸೆಟ್‌ನಲ್ಲಿ ನಾನು ತಣ್ಣಗಿರುವಾಗ 30 ಪಿಎಸ್‌ಐ ಇಟ್ಟೆ. ಬಿಸಿಯಾಗಿ 36 ಆಯಿತು, 34ಕ್ಕೆ ಇಳಿಸಿದೆ. ಸಂಜೆ ಹೊರಡುವ ಮುಂಚೆ ಆ ಗಾಳಿ ಮತ್ತೆ ತುಂಬಿಸಬೇಕು. ತಣ್ಣಗಾದ ಮೇಲೆ ಅದು 28ಕ್ಕೆ ಬಂದಿರುತ್ತದೆ, ಮುಂದೆ ಎಂಟುನೂರು ಕಿಲೋಮೀಟರ್ ದಾರಿ ಇದೆ. ವೀಲ್ ನಟ್ಟುಗಳನ್ನೂ ಆಗಲೇ ಟಾರ್ಕ್ ರೆಂಚಿನಿಂದ (ಬಿಗಿತ ಅಳೆದು ಬಿಗಿಯುವ ಸ್ಪ್ಯಾನರ್) ಇನ್ನೊಮ್ಮೆ ನೋಡಿಕೊಳ್ಳಿ.